ಕುಲಾವಿ ತೊಟ್ಟ ಲ್ಯಾಪ್‌ಟಾಪು

ಕಂಪ್ಯೂಟರ್ ರಿಪೇರಿಯ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ಹೇಳುವ ಮಾತು ಒಂದೇ. ಯಂತ್ರ ಸುಳ್ಳು ಹೇಳುವುದಿಲ್ಲ. ಅದನ್ನು ಹೊತ್ತು ತಂದವರೂ ಬಹುಮಟ್ಟಿಗೆ ಸುಳ್ಳು ಹೇಳುವುದಿಲ್ಲ. ಆದರೆ ಇಬ್ಬರೂ ಪೂರ್ತಿ ಹೇಳುವುದಿಲ್ಲ. ಉಳಿದದ್ದನ್ನು ಕೇಳಿ ತಿಳಿಯುವುದಕ್ಕೇ ನಮಗೆ ಸಂಬಳ ಕೊಡುತ್ತಿದ್ದರು ಎಂದು ನಿವೃತ್ತಿಯಾದ ಮೇಲೆ ನನಗೆ ಅನ್ನಿಸುತ್ತದೆ.

ನಮ್ಮ ಸರ್ವಿಸ್ ಸೆಂಟರ್ ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಒಂದು ಔಷಧಿ ಅಂಗಡಿಯ ಮಹಡಿಯ ಮೇಲಿತ್ತು. ನಾನು ಭದ್ರಾವತಿಯಲ್ಲಿ ಹುಟ್ಟಿ ಬೆಳೆದವಳು. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್. ಕೆಟ್ಟುಹೋದ ಯಾವುದನ್ನೂ ಬಿಚ್ಚಿ ನೋಡದೆ ಎಸೆಯಬಾರದು ಎಂಬುದು ನಮ್ಮ ಮನೆಯ ಧರ್ಮವಾಗಿತ್ತು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದೆ, ಮದುವೆಯಾಗಿ ರವೀಂದ್ರನಗರಕ್ಕೆ ಬಂದೆ, ಅದೇ ಮಹಡಿಯ ಮೆಟ್ಟಿಲು ಹತ್ತಿ ಇಳಿದು ನಿವೃತ್ತಳಾದೆ. ನಡುವೆ ಬಡ್ತಿಗಳೂ ಸಿಕ್ಕವು. ಅವುಗಳಿಂದ ನನ್ನ ಕುರ್ಚಿಗೆ ಕೈ ಬಂದದ್ದು ಬಿಟ್ಟರೆ ಹೇಳುವಂಥದ್ದೇನೂ ಆಗಲಿಲ್ಲ.

ತೊಂಬತ್ತರ ದಶಕದ ಲ್ಯಾಪ್‌ಟಾಪ್ ಎಂದರೆ ನೀವು ಈಗ ಕಂಕುಳಲ್ಲಿ ಇಟ್ಟುಕೊಂಡು ಓಡಾಡುವ ಹಾಳೆಯಂಥ ವಸ್ತುವಲ್ಲ. ತೊಡೆಯ ಮೇಲೆ ಇಟ್ಟುಕೊಂಡರೆ ಸ್ವಲ್ಪ ಹೊತ್ತಿಗೆ ಕಾಲು ಜೋಮು ಹಿಡಿಯುತ್ತಿತ್ತು. ಅದರ ಬ್ಯಾಟರಿಯೊಂದೇ ಇಟ್ಟಿಗೆಯಷ್ಟು ಭಾರ. ಊರಿನಲ್ಲಿ ಅಂಥವು ಬೆರಳೆಣಿಕೆಯಷ್ಟು ಇದ್ದವು. ಅಡಿಕೆ ಮಂಡಿಯ ಯಜಮಾನರು, ಆಡಿಟರುಗಳು, ಒಬ್ಬಿಬ್ಬರು ಡಾಕ್ಟರುಗಳು ಇಟ್ಟುಕೊಂಡಿದ್ದರು. ಅವರು ನಮ್ಮಲ್ಲಿಗೆ ಬಂದಾಗ ಕೇಳುತ್ತಿದ್ದ ಮೊದಲ ಪ್ರಶ್ನೆ, "ಇಂಜಿನಿಯರ್ ಬಂದಿಲ್ವಾ ಮೇಡಂ?" ಎಂದು. "ಬಂದಿದಾರೆ, ನಿಮ್ಮ ಎದುರಿಗೇ ಕೂತಿದಾರೆ" ಎಂದರೆ ಲ್ಯಾಪ್‌ಟಾಪನ್ನು ಎದೆಗೆ ಇನ್ನಷ್ಟು ಗಟ್ಟಿಯಾಗಿ ಅವಚಿಕೊಳ್ಳುತ್ತಿದ್ದರು.

ನಮ್ಮ ಮೇಲಧಿಕಾರಿ ಗುರುಸಿದ್ದಪ್ಪನವರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಜೇಬಿನಲ್ಲಿ ಟೆಸ್ಟರು, ಬಾಯಿಯಲ್ಲಿ ಯಾವಾಗಲೂ ಒಂದು ಲವಂಗ. ನಾನು ಸೇರಿದ ಹೊಸತರಲ್ಲಿ ಒಬ್ಬ ಆಡಿಟರ ಲ್ಯಾಪ್‌ಟಾಪನ್ನು ದಿನವಿಡೀ ಚಾರ್ಜಿಗೆ ಹಾಕಿ, ಸಂಜೆ ಅದು ಏಳದಿದ್ದಾಗ "ಬ್ಯಾಟರಿ ಸತ್ತುಹೋಗಿದೆ ಸರ್" ಎಂದು ತೀರ್ಪು ಕೊಟ್ಟೆ. ಗುರುಸಿದ್ದಪ್ಪನವರು ಹೋಗಿ ಗೋಡೆಯ ಮೇಲಿನ ಸ್ವಿಚ್ಚು ಒತ್ತಿದರು. ಬೆಳಿಗ್ಗೆ ಗುಡಿಸುವಾಗ ಯಾರೋ ಅದನ್ನು ಆರಿಸಿದ್ದರು. ನಾನು ಹೊತ್ತಿಸಿರಲಿಲ್ಲ. ಆಡಿಟರು ನಕ್ಕರು, ನನಗೆ ಮುಖ ಎತ್ತಲಾಗಲಿಲ್ಲ.

"ಅಳ್ಬೇಡ ಮಾರಾಯ್ತಿ," ಎಂದರು ಗುರುಸಿದ್ದಪ್ಪನವರು, "ಇವತ್ತಿಂದ ಒಂದ್ ಮಂತ್ರ ಕಲ್ತ್ಕೊ. ಗೋಡೆಯಿಂದ ಶುರು ಮಾಡು. ಗೋಡೆ ಆದ್ಮೇಲೆ ಪ್ಲಗ್ಗು, ಆಮೇಲೆ ವೈರು, ಆಮೇಲೆ ಅಡಾಪ್ಟರು, ಆಮೇಲೆ ಬ್ಯಾಟರಿ. ಸ್ಕ್ರೂಡ್ರೈವರ್ ಕೊನೇಗೆ."

ಈ ಮಂತ್ರ ನನ್ನನ್ನು ಎಷ್ಟು ಸಲ ಕಾಪಾಡಿತೋ ಲೆಕ್ಕವಿಲ್ಲ. ಒಮ್ಮೆ ಮಂಡಿಯ ಯಜಮಾನರೊಬ್ಬರು ಹೊಗೆಯ ವಾಸನೆ ಬರುವ ಅಡಾಪ್ಟರ್ ತಂದು ಮುಂದಿಟ್ಟು, "ತನ್ನಷ್ಟಕ್ಕೆ ತಾನೇ ಸುಟ್ಕೊಂಡ್ತು ನೋಡಿ" ಎಂದರು. ಗೋಡೆಯಿಂದ ಶುರು ಮಾಡಿ, "ಯಾವ ಸಾಕೆಟ್ಟಿಗೆ ಹಾಕಿದ್ರಿ?" ಎಂದೆ. ಅವರು, "ಗೋಡೆ ಎಲ್ಲಿಂದ ಬಂತು ಮೇಡಂ, ತೋಟದ ದಾರೀಲಿ ಟ್ರ್ಯಾಕ್ಟರ್ ಬ್ಯಾಟರಿಗೆ ಕೊಟ್ಟಿದ್ದೆ. ಕೆಂಪು ಯಾವ್ದು ಕಪ್ಪು ಯಾವ್ದು ಅಂತ ಡ್ರೈವರ್‌ಗೆ ಗೊತ್ತಿತ್ತಂತೆ" ಎಂದರು. ಡ್ರೈವರ್‌ಗೆ ಗೊತ್ತಿರಲಿಲ್ಲ ಎಂಬುದು ಅಡಾಪ್ಟರ್ ನೋಡಿದರೇ ತಿಳಿಯುತ್ತಿತ್ತು.

ಆಯುಧಪೂಜೆ ಮುಗಿದ ವಾರ ನಮಗೆ ಸುಗ್ಗಿ. ಲಾರಿ, ತಕ್ಕಡಿ, ಮಿಕ್ಸಿಗಳ ಜೊತೆಗೆ ಲ್ಯಾಪ್‌ಟಾಪಿಗೂ ಪೂಜೆಯಾಗುತ್ತಿತ್ತು. ಕುಂಕುಮ ಎಲ್ಲಿ ಹಚ್ಚಬೇಕು ಎಂಬ ಶಾಸ್ತ್ರ ಯಾವ ಪುರೋಹಿತರಿಗೂ ಗೊತ್ತಿರಲಿಲ್ಲವಾದ್ದರಿಂದ ತೂತು ಕಂಡಲ್ಲೆಲ್ಲ ಹಚ್ಚುತ್ತಿದ್ದರು. ಕುಂಸಿಯ ಡಾಕ್ಟರೊಬ್ಬರ ಯಂತ್ರದಲ್ಲಿ ಚಾರ್ಜರಿನ ಪಿನ್ನು ಕೂರುವ ರಂಧ್ರದೊಳಗೆ ಒದ್ದೆ ಗಂಧ ಒಣಗಿ ಗಾರೆಯಂತೆ ಗಟ್ಟಿಯಾಗಿತ್ತು. ಅದನ್ನು ಹಲ್ಲುಕಡ್ಡಿಯಿಂದ ಕೆರೆದು ತೆಗೆಯುವಾಗ ಡಾಕ್ಟರು ನನ್ನ ಪಕ್ಕ ನಿಂತು, "ನಿಧಾನ, ನಿಧಾನ" ಎನ್ನುತ್ತಿದ್ದರು. ಸೂಜಿ ಚುಚ್ಚುವಾಗ ಅವರು ರೋಗಿಗೆ ಹಾಗೆ ಹೇಳುತ್ತಿದ್ದರೋ ಇಲ್ಲವೋ ಗೊತ್ತಿಲ್ಲ.

ವಿಧಾನಗಳೂ ಬದಲಾಗುತ್ತ ಹೋದವು. ಮೊದಮೊದಲು ಬಂದ ಬ್ಯಾಟರಿಗಳನ್ನು ಆಗಾಗ ಪೂರ್ತಿ ಖಾಲಿ ಮಾಡಿ ಆಮೇಲೆ ಚಾರ್ಜ್ ಮಾಡಿ ಎಂದು ನಾವೇ ಊರಿಗೆಲ್ಲ ಪಾಠ ಹೇಳಿದೆವು. ಆಮೇಲೆ ಲಿಥಿಯಂ ಬ್ಯಾಟರಿ ಬಂತು. ಅದನ್ನು ಹಾಗೆ ಖಾಲಿ ಮಾಡಿ ಇಟ್ಟರೆ ಕೆಡುತ್ತದೆ. ಸರಿ, ಹೇಳಿಕೊಟ್ಟ ಪಾಠವನ್ನು ಮರೆಸುವ ಪಾಠ ಶುರುವಾಯಿತು. "ಹೋದ್ವರ್ಷ ನೀವೇ ಅಲ್ವಾ ಹೇಳಿದ್ದು?" ಎಂದು ಜನ ಜಗಳಕ್ಕೆ ನಿಲ್ಲುತ್ತಿದ್ದರು. ಹಳೆಯ ಮಾದರಿಯ ಬ್ಯಾಟರಿ ಸಿಗದಂತಾದಾಗ ಅದರ ಪ್ಲಾಸ್ಟಿಕ್ ಚಿಪ್ಪನ್ನು ಒಡೆಯದಂತೆ ಬಿಡಿಸಿ, ಒಳಗಿನ ಸೆಲ್ಲುಗಳನ್ನು ಬದಲಾಯಿಸಿ ಮತ್ತೆ ಮುಚ್ಚುವುದನ್ನು ಕಲಿತೆವು. ಬೆಂಕಿಯ ಜೊತೆ ಆಟವಾಡುವ ಕೆಲಸವದು. ಮರಳಿನ ಬಕೆಟ್ಟು ಪಕ್ಕದಲ್ಲೇ ಇರುತ್ತಿತ್ತು. ಆ ಕೆಲಸವನ್ನು ಗುರುಸಿದ್ದಪ್ಪನವರು ಮೊದಲು ತಾವೇ ಮಾಡಿ, ಆಮೇಲೆ ನನ್ನ ಕೈಗೆ ಕೊಟ್ಟರು.

ರೇಣುಕಾ ನಮ್ಮಲ್ಲಿಗೆ ಬಂದದ್ದು ಆ ದಿನಗಳಲ್ಲಿ.

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಹತ್ತಿರ ಅವರ ಮನೆ. ಹುಟ್ಟಿನಿಂದ ಕಣ್ಣು ಕಾಣದ ಹುಡುಗಿ. ಬಿ.ಎ. ಮಾಡಿದ್ದಳು. ತಾಯಿ ಕಮಲಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು, ತಂದೆ ಇರಲಿಲ್ಲ. ಯಾರೋ ಪುಣ್ಯಾತ್ಮರು ಬಳಸಿ ಬಿಟ್ಟ ಹಳೆಯ ಲ್ಯಾಪ್‌ಟಾಪೊಂದನ್ನು ರೇಣುಕಾಗೆ ಕೊಟ್ಟಿದ್ದರು. ಅದರಲ್ಲಿ ಪರದೆಯ ಮೇಲೆ ಇರುವುದನ್ನೆಲ್ಲ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಇತ್ತು. ಮೂಗಿನಲ್ಲಿ ಮಾತಾಡುವ, ಭಾವನೆ ಇಲ್ಲದ ಗಂಡಸಿನ ದನಿ. ಆ ದನಿ ಓದುತ್ತಿದ್ದರೆ ರೇಣುಕಾಳ ಬೆರಳುಗಳು ಕೀಲಿಗಳ ಮೇಲೆ ಓಡುವುದನ್ನು ನೋಡಬೇಕು. ನಮ್ಮ ಆಫೀಸಿನಲ್ಲಿ ಅಷ್ಟು ವೇಗವಾಗಿ ಟೈಪ್ ಮಾಡುವವರು ಯಾರೂ ಇರಲಿಲ್ಲ.

"ಚಾರ್ಜೇ ನಿಲ್ತಿಲ್ಲ ಅಕ್ಕ," ಎಂದಳು. "ವೈರ್ ಕಿತ್ತ ತಕ್ಷಣ ದನಿ ನಿಂತೋಗುತ್ತೆ."

ಅವಳಿಗೆ ಶಿವಮೊಗ್ಗದ ಒಂದು ಶಿಕ್ಷಣ ಸಂಸ್ಥೆಯ ಕಚೇರಿಯಲ್ಲಿ ಟೈಪಿಸ್ಟ್ ಕೆಲಸಕ್ಕೆ ಕರೆ ಬಂದಿತ್ತು. ನಿಮ್ಮ ಯಂತ್ರವನ್ನೇ ತಂದು ಕೆಲಸ ಮಾಡಿ ತೋರಿಸಿ, ನೋಡೋಣ ಎಂದಿದ್ದರು. ಆ ಬೇಸಿಗೆಯಲ್ಲಿ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದು ದೇವರಿಗೂ ತಿಳಿಯದ ವಿಷಯ. ಹಿಂದೆ ಇನ್ನೊಂದು ಕಡೆ ಹೀಗೇ ತೋರಿಸಲು ಹೋಗಿದ್ದಾಗ ಅರ್ಧದಲ್ಲಿ ಕರೆಂಟು ಹೋಗಿ ಲ್ಯಾಪ್‌ಟಾಪ್ ಆರಿಹೋಗಿತ್ತಂತೆ. "ಇರ್ಲಿ ಬಿಡಮ್ಮ, ಪಾಪ" ಎಂದು ತುಂಬ ಮೆತ್ತಗೆ ಹೇಳಿ ಕಳಿಸಿದ್ದರಂತೆ.

"ಬೈದಿದ್ರೆ ಬೇಜಾರಾಗ್ತಿರ್ಲಿಲ್ಲ ಅಕ್ಕ. ಆ ಪಾಪ ಅಂದಿದ್ದು ಇನ್ನೂ ಕಿವೀಲಿದೆ," ಎಂದಳು ರೇಣುಕಾ. ಆ ಮಾತು ನನಗೂ ಚುಚ್ಚಿತು. ಹೆಣ್ಣೆಂಬ ಕಾರಣಕ್ಕೆ ನಾನೂ ಅಂಥ ಮೆತ್ತಗಿನ ಮಾತುಗಳನ್ನು ಸಾಕಷ್ಟು ಕೇಳಿದ್ದೆ.

ಗೋಡೆ, ಪ್ಲಗ್ಗು, ವೈರು ಎಂದು ಕ್ರಮವಾಗಿ ಹೋದೆ. ವೈರಿನ ತುದಿ ಸಡಿಲವಿತ್ತು, ಬದಲಾಯಿಸಿದೆ. ನಮ್ಮ ಮೇಜಿನ ಮೇಲೆ ಚಾರ್ಜಿಗೆ ಹಾಕಿದರೆ ಕಿತ್ತಳೆ ದೀಪ ಅಲುಗಾಡದೆ ಉರಿಯಿತು. ಕರೆಂಟು ಕಿತ್ತರೂ ದನಿ ನಿಲ್ಲಲಿಲ್ಲ. ತಾಯಿ ಮಗಳು ಸಂತೋಷದಿಂದ ಬಸ್ಸು ಹತ್ತಿದರು. ವಾರ ಕಳೆಯುವುದರೊಳಗೆ ವಾಪಸು ಬಂದರು. ಮನೆಯಲ್ಲಿ ಮತ್ತೆ ಅದೇ ಕಥೆ.

ಹಾಗಾದರೆ ಬ್ಯಾಟರಿಯೇ ಎಂದು ಚಿಪ್ಪು ಬಿಡಿಸಿ ಹೊಸ ಸೆಲ್ಲುಗಳನ್ನು ಹಾಕಿದೆ. ನಮ್ಮ ಮೇಜಿನ ಮೇಲೆ ಮತ್ತೆ ಭೇಷಾಗಿ ಚಾರ್ಜಾಯಿತು. ಈ ಸಲ ನಾನು ಎದೆ ತಟ್ಟಿಕೊಂಡು, "ಧೈರ್ಯವಾಗಿ ಹೋಗಮ್ಮ, ಕೆಲಸ ನಿಂದೇ" ಎಂದುಬಿಟ್ಟೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು. ಕೆಲವೇ ದಿನಗಳಲ್ಲಿ ಕಮಲಮ್ಮನವರು ಅದೇ ಮೆಟ್ಟಿಲನ್ನು ಏದುಸಿರು ಬಿಡುತ್ತ ಹತ್ತಿ ಬಂದರು, ಹಿಂದೆ ಅವರ ಭುಜ ಹಿಡಿದ ರೇಣುಕಾ. ತೋರಿಸುವ ದಿನ ಹತ್ತಿರ ಬಂದಿತ್ತು. ಬದಲಾಯಿಸಲು ನನ್ನಲ್ಲಿ ಇನ್ನೇನೂ ಉಳಿದಿರಲಿಲ್ಲ.

"ಮನೇಲಿ ಚಾರ್ಜಿಗೆ ಹಾಕಿದಾಗ ದೀಪ ಹೇಗಿರುತ್ತೆ ಕಮಲಮ್ಮ?" ಎಂದೆ.

"ಚೆನ್ನಾಗೇ ಇರುತ್ತೆ ಮೇಡಂ. ದೀಪಾವಳಿ ಸೀರಿಯಲ್ ಸೆಟ್ ಥರ ಮಿಣಿಮಿಣಿ ಅಂತಿರುತ್ತೆ."

ಅಷ್ಟರಲ್ಲಿ ರೇಣುಕಾ ಮೇಜಿನ ಮೇಲೆ ಚಾರ್ಜಿಗೆ ಹಾಕಿದ್ದ ಅಡಾಪ್ಟರಿನ ಹತ್ತಿರ ಕಿವಿ ಇಟ್ಟಳು. "ಅಕ್ಕ, ಇದು ಚಾರ್ಜ್ ಮಾಡ್ವಾಗ ಸಣ್ಣಗೆ ಸಿಳ್ಳೆ ಹೊಡೆಯುತ್ತೆ. ನಮ್ಮನೇಲಿ ಸ್ವಲ್ಪ ಹೊತ್ತು ಹೊಡೆದು ಸುಮ್ನಾಗುತ್ತೆ. ನಿಮ್ಮಲ್ಲಿ ನಿಲ್ಸೋದೇ ಇಲ್ಲ."

ನಾನು ಕಿವಿಯಿಟ್ಟೆ. ನನಗೆ ಕೇಳಿಸಿದ್ದು ಬೀದಿಯ ಆಟೋ ಸದ್ದು ಮಾತ್ರ. ಆದರೆ ಅವಳ ಮಾತು ನಿಜವಾಗಿದ್ದರೆ, ದೀಪವೂ ಮಿನುಗುತ್ತಿದ್ದರೆ, ಒಂದು ವಿಷಯ ಸ್ಪಷ್ಟವಿತ್ತು. ಮನೆಯಲ್ಲಿ ಚಾರ್ಜು ಶುರುವಾಗಿ, ಯಾವುದೋ ಕಾರಣಕ್ಕೆ ಯಂತ್ರ ತಾನಾಗಿಯೇ ಅದನ್ನು ನಿಲ್ಲಿಸುತ್ತಿತ್ತು. ಕಾರಣ ಮಾತ್ರ ಹೊಳೆಯಲಿಲ್ಲ. ಗುರುಸಿದ್ದಪ್ಪನವರ ಬಳಿ ಹೋಗಿ, "ಎಲ್ಲ ನೋಡ್ದೆ ಸರ್, ಗೋಡೆಯಿಂದಾನೇ ಶುರು ಮಾಡ್ದೆ" ಎಂದೆ.

ಅವರು ಲವಂಗವನ್ನು ಈ ದವಡೆಯಿಂದ ಆ ದವಡೆಗೆ ದಾಟಿಸಿದರು. "ಯಾರ ಗೋಡೆಯಿಂದ?"

"ಅಂದ್ರೆ?"

"ಮೂರ್ ಸಲನೂ ನಮ್ ಗೋಡೆ ನೋಡಿದೀಯ ಮಾರಾಯ್ತಿ. ಕೆಡ್ತಾ ಇರೋದು ಅವರ ಮನೇಲಿ. ಅವರ ಗೋಡೆ ನೋಡ್ದೋರು ಯಾರು? ಏಳು, ಅವರ ಜೊತೇಲೇ ಬಸ್ ಹತ್ತು."

ಕೆನ್ನೆಗೆ ಹೊಡೆದ ಹಾಗಾಯಿತು. ಹಾಗೆಯೇ ಭರವಸೆಯೂ ಬಂತು. ಇಷ್ಟು ಹೊತ್ತು ಮುಚ್ಚಿದ್ದ ಒಂದು ಬಾಗಿಲು ಎಲ್ಲಿದೆ ಎಂದಾದರೂ ತಿಳಿಯಿತಲ್ಲ ಎಂದು ಲ್ಯಾಪ್‌ಟಾಪನ್ನೂ ನನ್ನ ಚೀಲಕ್ಕೇ ಹಾಕಿಕೊಂಡು ಹೊರಟೆ.

ಮಧ್ಯಾಹ್ನದ ಹೊತ್ತಿಗೆ ಭದ್ರಾವತಿಯ ಅವರ ಮನೆ ಸೇರಿದೆವು. ಮೇಲೆ ಸಿಮೆಂಟ್ ಶೀಟಿನ ಸೂರು. ಒಳಗೆ ಕಾಲಿಟ್ಟರೆ ಸೆಕೆ ಮುಖಕ್ಕೆ ರಾಚುತ್ತಿತ್ತು. ಆದರೆ ಮನೆ ಕನ್ನಡಿಯಂತಿತ್ತು. ಕಾರ್ಖಾನೆಯ ಮಸಿ, ದೂಳು ಬೀಳುವ ಆ ಕಡೆಯ ಮನೆಗಳಲ್ಲಿ ಹೆಂಗಸರು ದೂಳಿನೊಂದಿಗೆ ಯುದ್ಧವನ್ನೇ ಸಾರಿರುತ್ತಾರೆ. ನನ್ನ ತಾಯಿಯೂ ಸಾರಿದ್ದರು. ಟಿವಿಗೆ ಕಸೂತಿ ಹಾಕಿದ ಹೊದಿಕೆ, ರಿಮೋಟಿಗೆ ಪ್ಲಾಸ್ಟಿಕ್ ಚೀಲ, ಮಿಕ್ಸಿಗೆ ನಿರಿಗೆ ಹಿಡಿದ ಲಂಗ, ಗ್ಯಾಸ್ ಸಿಲಿಂಡರಿಗೂ ಒಂದು ಅಂಗಿ. ಆ ಮನೆಯಲ್ಲಿ ಬೆಲೆಬಾಳುವ ಯಾವ ವಸ್ತುವೂ ಬತ್ತಲೆ ಇರಲಿಲ್ಲ. ಗೋಡೆಯ ಸಾಕೆಟ್ಟನ್ನು ಪರೀಕ್ಷಿಸಿದೆ. ಕರೆಂಟು ಸರಿಯಾಗಿತ್ತು.

"ದಿನಾ ಹೇಗೆ ಚಾರ್ಜಿಗೆ ಹಾಕ್ತೀರೋ ಹಾಗೇ ಹಾಕಿ, ನಾನು ಸುಮ್ನೆ ನೋಡ್ತೀನಿ," ಎಂದೆ.

ಕಮಲಮ್ಮ ಲ್ಯಾಪ್‌ಟಾಪನ್ನು ಸೆರಗಿನಿಂದ ಒರೆಸಿದರು. ತಮ್ಮ ಚೀಲದಿಂದ ಒಂದು ಕೆಂಪು ಮಖಮಲ್ಲಿನ ಹೊದಿಕೆ ತೆಗೆದರು. ನಮ್ಮ ಅಂಗಡಿಯ ಮೇಜಿನ ಕೊಳೆ ತಾಗಬಾರದೆಂದು ಪ್ರತಿ ಸಲವೂ ಮೆಟ್ಟಿಲ ಕೆಳಗೇ ಅದನ್ನು ಕಳಚಿ ಒಳಗಿಡುತ್ತಿದ್ದರಂತೆ. ಹಾಗಾಗಿ ನಾನು ಅದನ್ನು ನೋಡಿಯೇ ಇರಲಿಲ್ಲ. ಎಂಥ ಹೊಲಿಗೆ ಅದು! ಒಳಗೆ ಹಳೆಯ ಕೌದಿಯ ಹತ್ತಿ ತುಂಬಿ, ಅಡ್ಡಡ್ಡ ಉದ್ದುದ್ದ ಹೊಲಿಗೆ ಹಾಕಿ, ಅಂಚಿಗೆ ಜರಿ ಕೊಟ್ಟಿದ್ದರು. ಅಡಾಪ್ಟರಿಗೆ ಪಕ್ಕದಲ್ಲೇ ಒಂದು ಜೇಬು. ದೀಪ ಕಾಣಲೆಂದು ಒಂದು ಪುಟ್ಟ ರಂಧ್ರ, ಅದರ ಸುತ್ತ ಹಳದಿ ದಾರದಲ್ಲಿ ಹೂವಿನ ದಳ. ಎಳೆಮಗುವಿಗೆ ಕುಲಾವಿ ಹಾಕುವ ಹಾಗೆ ಅದನ್ನು ಲ್ಯಾಪ್‌ಟಾಪಿಗೆ ತೊಡಿಸಿ, ಗುಂಡಿ ಹಾಕಿ, ಫ್ರಿಜ್ಜಿನ ಪಕ್ಕದ ಮೂಲೆಯಲ್ಲಿ ಮಲಗಿಸಿ ಸ್ವಿಚ್ಚು ಒತ್ತಿದರು.

ಹೂವಿನ ನಡುವೆ ದೀಪ ಹೊತ್ತಿತು. ನಾವು ಮೂವರೂ ಕಾದೆವು. ಕಾಫಿ ಬಂತು. ಲೋಟ ಖಾಲಿಯಾಗಿ ಸ್ವಲ್ಪ ಹೊತ್ತಾಗಿತ್ತು, ರೇಣುಕಾ ಕೈಯೆತ್ತಿ, "ನಿಂತೋಯ್ತು" ಎಂದಳು. ನೋಡಿದರೆ ದೀಪ ಮಿಣಿಮಿಣಿ ಎನ್ನುತ್ತಿತ್ತು. ಕುಲಾವಿಯೊಳಗೆ ಕೈ ಹಾಕಿದೆ. ಆಗ ತಾನೇ ಇಸ್ತ್ರಿ ಮಾಡಿದ ಬಟ್ಟೆಯಷ್ಟು ಬಿಸಿ.

ಬ್ಯಾಟರಿಯೊಳಗೆ ಬಿಸಿಯನ್ನು ಅಳೆಯುವ ಒಂದು ಸಣ್ಣ ಭಾಗ ಇರುತ್ತದೆ. ಬಿಸಿ ಮಿತಿ ಮೀರಿದರೆ ಅದು ಚಾರ್ಜನ್ನು ತಡೆಯುತ್ತದೆ. ಇಲ್ಲದಿದ್ದರೆ ಬ್ಯಾಟರಿಗೂ ಮನೆಗೂ ಅಪಾಯ. ಮಿನುಗುವ ದೀಪ ಅದೇ ಮಾತನ್ನು ಹೇಳುತ್ತಿತ್ತು. ಯಂತ್ರಕ್ಕೆ ಯಾವ ರೋಗವೂ ಇರಲಿಲ್ಲ. ಅಷ್ಟು ಬಿಸಿಯಲ್ಲೂ ಅದು ಬುದ್ಧಿವಂತಿಕೆಯಿಂದ ನಡೆದುಕೊಂಡಿತ್ತು.

ಕಾರಣ ಸಿಕ್ಕಿತು. ರಾತ್ರಿ ಹಗಲು ಜನರ ರವಿಕೆ ಹೊಲಿದು, ಉಳಿದ ತುಂಡುಗಳಲ್ಲಿ ಮಗಳ ಯಂತ್ರಕ್ಕೆ ಇಂಥದ್ದೊಂದನ್ನು ಮಾಡಿಕೊಟ್ಟ ಹೆಂಗಸಿಗೆ, ಕೆಡುಕಿಗೆ ಇದೇ ಕಾರಣ ಎಂದು ಹೇಗೆ ಹೇಳುವುದು? ಹೊದಿಕೆಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದೆ. ರೇಣುಕಾಗೆ ಆ ಸದ್ದೇ ಸಾಕಾಯಿತು. ಕೈಚಾಚಿ ಹೊದಿಕೆಯನ್ನು ಮುಟ್ಟಿ ನೋಡಿದಳು, ಆಮೇಲೆ ನಗತೊಡಗಿದಳು.

"ಅಮ್ಮ, ಈ ಸೆಕೇಲಿ ನಿಂಗೆ ಯಾರಾದ್ರೂ ಕೌದಿ ಹೊದ್ಸಿ ಊಟ ಬಡಿಸಿದ್ರೆ ಉಣ್ತೀಯಾ? ಅದೂ ಉಣ್ತಿಲ್ಲ, ಅಷ್ಟೇ."

ಕಮಲಮ್ಮನ ಮುಖ ಸಪ್ಪಗಾಯಿತು. "ಹಂಗಾದ್ರೆ ನಾನೇನಾ ಕೆಡಿಸಿದ್ದು?"

"ಕೆಟ್ಟಿಲ್ಲ ಕಮಲಮ್ಮ, ಏನೂ ಕೆಟ್ಟಿಲ್ಲ," ಎಂದೆ. "ಬಸ್ಸಲ್ಲಿ ತರುವಾಗ ಇದಕ್ಕಿಂತ ಒಳ್ಳೇ ಹೊದಿಕೆ ಬೇರೆ ಸಿಗಲ್ಲ. ಒಂದು ಪೆಟ್ಟೂ ತಾಗಿಲ್ಲ ನೋಡಿ. ಚಾರ್ಜಿಗೆ ಹಾಕುವಾಗ ಮಾತ್ರ ಕುಲಾವಿ ತೆಗೀರಿ, ತಂಪಾಗಿರೋ ಕಡೆ ಇಡಿ."

ಅವರು ಒಂದು ಕ್ಷಣ ಹೊದಿಕೆಯ ಹೂವನ್ನು ಸವರಿದರು. ಆಮೇಲೆ ಎದ್ದು ಅಡುಗೆಮನೆಯ ಕಟ್ಟೆಯ ಮೇಲಿದ್ದ ಡಬ್ಬಗಳನ್ನೆಲ್ಲ ಸರಿಸಿ, ಕಡಪ ಕಲ್ಲನ್ನು ಒರೆಸಿ ಒಣಗಿಸಿ, "ಇಡೀ ಮನೇಲಿ ಇದೊಂದೇ ತಂಪು. ಇವತ್ತಿಂದ ಒಲೆ ಆ ಕಡೆ, ಇದು ಈ ಕಡೆ" ಎಂದರು. ಕಲ್ಲಿನ ಮೇಲೆ ಬರೀ ಮೈಯಲ್ಲಿ ಮಲಗಿದ ಲ್ಯಾಪ್‌ಟಾಪ್ ಸಂಜೆಯವರೆಗೂ ಒಂದೇ ಸಮನೆ ಚಾರ್ಜಾಯಿತು. ಸಿಳ್ಳೆ ನಿಲ್ಲಲಿಲ್ಲ ಎಂದು ರೇಣುಕಾ ಆಗಾಗ ವರದಿ ಕೊಡುತ್ತಿದ್ದಳು.

ಮರುದಿನ ಗುರುಸಿದ್ದಪ್ಪನವರಿಗೆ ಹೇಳಿದೆ. ಅವರು ನಗಲಿಲ್ಲ, ಹೊಗಳಲೂ ಇಲ್ಲ. "ಆ ಹುಡುಗಿ ಟೆಸ್ಟಿನ ದಿನ ನೀನೂ ಹೋಗ್ಬಾ. ಅದೂ ಸರ್ವೀಸೇ" ಎಂದರು.

ರೇಣುಕಾಗೆ ಆ ಕೆಲಸ ಸಿಕ್ಕಿತು. ಬಹಳ ವರ್ಷ ಅಲ್ಲೇ ದುಡಿದಳು, ಆ ಹಳೆಯ ಯಂತ್ರ ಹೋಗಿ ಹೊಸವು ಬಂದವು, ಪ್ರತಿಯೊಂದರ ಸದ್ದನ್ನೂ ನನಗೆ ಫೋನಿನಲ್ಲಿ ವರ್ಣಿಸಿ ರೋಗ ಕೇಳುತ್ತಿದ್ದಳು. ಅದನ್ನು ಈಗಲೇ ಹೇಳಿಬಿಟ್ಟೆ, ಏಕೆಂದರೆ ನಾನು ಕೊನೆಗೆ ಬರೆಯಬೇಕೆಂದುಕೊಂಡದ್ದು ಟೆಸ್ಟಿನ ದಿನದ ಸಂಗತಿಯನ್ನು.

ಕಚೇರಿಯ ಹೊರಗಿನ ಬೆಂಚಿನ ಮೇಲೆ ನಾನು, ಕಮಲಮ್ಮ ಕುಳಿತಿದ್ದೆವು. ಅವರ ಮಡಿಲಲ್ಲಿ ಕಳಚಿದ ಕುಲಾವಿ. ಅರ್ಧ ತೆರೆದ ಬಾಗಿಲಿನಿಂದ ಫ್ಯಾನಿನ ಸದ್ದು, ಪ್ರಿಂಟರಿನ ಕಿರುಚಾಟ, ಅವುಗಳ ನಡುವೆ ರೇಣುಕಾಳ ಯಂತ್ರದ ಆ ಮೂಗುದನಿ ಕೇಳುತ್ತಿದ್ದವು. ಒಳಗಿನವರು ಹೇಳಿದ್ದನ್ನು ಅವಳು ಟೈಪ್ ಮಾಡುತ್ತಿದ್ದಳು, ಅದು ಓದುತ್ತಿತ್ತು.

ಇದ್ದಕ್ಕಿದ್ದಂತೆ ಕರೆಂಟು ಹೋಯಿತು.

ಪ್ರಿಂಟರು ಅರ್ಧ ಸಾಲಿಗೆ ನಿಂತಿತು. ಫ್ಯಾನು ನಿಧಾನವಾಯಿತು. ಒಳಗಿನ ಕಂಪ್ಯೂಟರುಗಳು ಒಂದೊಂದಾಗಿ ಆರಿದವು, ಯಾರೋ "ಥತ್" ಎಂದರು. ಕಮಲಮ್ಮ ನನ್ನ ಮಣಿಕಟ್ಟನ್ನು ಹಿಡಿದುಕೊಂಡರು. ಬಳೆಗಳು ಒತ್ತಿ ನೋವಾಗುತ್ತಿತ್ತು, ನಾನು ಬಿಡಿಸಿಕೊಳ್ಳಲಿಲ್ಲ. ಇಡೀ ಕಟ್ಟಡ ಸ್ತಬ್ಧವಾಗಿದ್ದಾಗ ಆ ದನಿಯೊಂದೇ ಏನೂ ಆಗಿಲ್ಲವೆಂಬಂತೆ ಓದುತ್ತಲೇ ಇತ್ತು. ಅದರ ಹಿಂದೆ ಕೀಲಿಗಳ ಟಪಟಪ.

"ಏನ್ ಹೇಳ್ತಿದೆ ಮೇಡಂ ಅದು?" ಎಂದು ಕಮಲಮ್ಮ ಪಿಸುಗುಟ್ಟಿದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

"ಯಾವ್ದೋ ಮೀಟಿಂಗಿನ ನೋಟಿಸು."

"ಏನಾದ್ರೂ ಹೇಳ್ಕೊಳ್ಲಿ. ನಿಲ್ಸದಿದ್ರೆ ಸಾಕು."

ಒಳಗೆ ಒಬ್ಬೊಬ್ಬರೇ ಎದ್ದು ಅವಳ ಮೇಜಿನ ಸುತ್ತ ಬಂದು ನಿಂತದ್ದು ಬಾಗಿಲ ಸಂದಿನಿಂದ ಕಂಡಿತು. ಯಾರೂ ಪಾಪ ಎನ್ನಲಿಲ್ಲ. ಒಬ್ಬರು, "ನಮ್ದೂ ಒಂದ್ ಲೆಟರ್ ಇದೆಯಮ್ಮ, ಅರ್ಜೆಂಟು. ಈಗ್ಲೇ ಮಾಡ್ಕೊಡ್ತೀಯಾ?" ಎಂದು ಕೇಳಿದರು. ರೇಣುಕಾ, "ಹೇಳಿ ಸರ್" ಎಂದಳು.

ಅಷ್ಟರಲ್ಲಿ ಫ್ಯಾನು ಗರಗರ ಎಂದು ಮತ್ತೆ ತಿರುಗಿತು, ದೀಪಗಳು ಹೊತ್ತಿಕೊಂಡವು. ಕಮಲಮ್ಮ ಮಡಿಲಿನ ಕುಲಾವಿಯನ್ನು ಬೆಂಚಿಗೆ ಬಡಿದು, "ಥೂ ಇದರ, ಇಷ್ಟ್ ಬೇಗ ಯಾಕ್ ಬಂತು ಈ ಹಾಳು ಕರೆಂಟು! ಇನ್ನೊಂದ್ ಸ್ವಲ್ಪ ಹೊತ್ತು ಹೋಗಿದ್ರೆ ಏನಾಗ್ತಿತ್ತು?" ಎಂದು ಬೈದರು.

ಕರೆಂಟು ಹೋಯಿತೆಂದು ಬೈಯುವವರನ್ನು ನನ್ನ ಕೆಲಸದುದ್ದಕ್ಕೂ ನೋಡಿದ್ದೆ. ಬಂತೆಂದು ಬೈದವರು ಕಮಲಮ್ಮ ಒಬ್ಬರೇ.